ಚುವಾನ್‌ಜೌ: ಒಡೆದ ಕಲ್ಲನ್ನೂ ಎಸೆಯದ ಊರು

ಚೀನಾಕ್ಕೆ ಹೋಗುತ್ತೇವೆ ಅಂದರೆ ಜನ ಮಹಾಗೋಡೆಯ ಬಗ್ಗೆ ಕೇಳುತ್ತಾರೆ. ನಾವು ಹೊರಟಿದ್ದು ಚುವಾನ್‌ಜೌಗೆ. ಆ ಹೆಸರು ಹೇಳಿದರೆ ಅರ್ಧ ಜನಕ್ಕೆ ಗ್ವಾಂಗ್‌ಜೌ ಅಂತ ಕೇಳಿಸುತ್ತದೆ. "ಓ, ಫರ್ನಿಚರ್ ತರೋಕಾ?" ಅಂತ ಪಕ್ಕದ ಮನೆಯವರು ಕೇಳಿಯೇಬಿಟ್ಟರು.

ಚುವಾನ್‌ಜೌ ಇರುವುದು ಫುಜಿಯಾನ್ ಪ್ರಾಂತ್ಯದ ಕರಾವಳಿಯಲ್ಲಿ, ತೈವಾನಿನ ಎದುರು ದಡದಲ್ಲಿ. ಏಳೆಂಟು ನೂರು ವರ್ಷಗಳ ಹಿಂದೆ ಇದು ಜಗತ್ತಿನ ದೊಡ್ಡ ಬಂದರುಗಳಲ್ಲಿ ಒಂದು. ಅರಬರು ಇದನ್ನು ಝೈತೂನ್ ಅನ್ನುತ್ತಿದ್ದರು. ನಮ್ಮ ಹೊನ್ನಾವರ, ಮಂಗಳೂರು ನೋಡಿಕೊಂಡು ಹೋದ ಇಬ್ನ್ ಬತೂತ 1340ರ ದಶಕದಲ್ಲಿ ಇಲ್ಲಿ ಬಂದಿಳಿದ. ನೂರರಷ್ಟು ದೊಡ್ಡ ಹಡಗುಗಳನ್ನು ಕಂಡೆ, ಸಣ್ಣವಕ್ಕೆ ಲೆಕ್ಕವೇ ಇಲ್ಲ ಅಂದ. ಕುಂದಾಪುರದ ಕಡೆಯವರಾದ ನನಗೂ ಅಕ್ಕನಿಗೂ ಹೋಗಲಿಕ್ಕೆ ಇಷ್ಟು ನೆಪ ಸಾಕಾಯಿತು. 2021ರಲ್ಲಿ ಯುನೆಸ್ಕೊ ಈ ಊರಿನ 22 ಜಾಗಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಎಲ್ಲವನ್ನೂ ನೋಡುವ ಹಟ ನಮಗಿರಲಿಲ್ಲ.

ಮೊದಲ ದಿನ: ಬೆವರುವ ಗೋಡೆ, ಪಶ್ಚಿಮ ಬೀದಿ

ಬೆಂಗಳೂರಿನಿಂದ ಕ್ವಾಲಾಲಂಪುರ, ಅಲ್ಲಿಂದ ಶಿಯಾಮೆನ್, ಅಲ್ಲಿಂದ ಸುಮಾರು ಅರ್ಧ ಗಂಟೆ ವೇಗದ ರೈಲು. ಇಷ್ಟೇ. ರೈಲಿನ ಕಿಟಕಿಯಲ್ಲಿ ಗುಡ್ಡ, ಸುರಂಗ, ಮತ್ತೆ ಗುಡ್ಡ. ನಡುನಡುವೆ ಕೆಂಪು ಇಟ್ಟಿಗೆಯ ಹಳೇ ಮನೆಗಳು. ಅವುಗಳ ಮಾಡಿನ ಎರಡೂ ತುದಿ ಮೇಲಕ್ಕೆ ಕೊಂಕಿಕೊಂಡು ಬಾಲದ ಹಾಗೆ ಸೀಳಿರುತ್ತದೆ.

ಮಾರ್ಚ್ ತಿಂಗಳು. ಮಳೆ ಅಂತ ಹೇಳುವಷ್ಟು ಮಳೆ ಇಲ್ಲ, ಆದರೆ ಗಾಳಿಯೇ ಒದ್ದೆ. ಆ ಕರಾವಳಿಯಲ್ಲಿ ಚಳಿ ಮುಗಿದು ದಕ್ಷಿಣದ ಬೆಚ್ಚನೆ ಗಾಳಿ ಬೀಸಿದಾಗ ಗೋಡೆ, ನೆಲ, ಕನ್ನಡಿ ಎಲ್ಲ ಬೆವರುತ್ತವೆ. ನಮ್ಮ ರೂಮಿನ ಟೈಲ್ಸಿನ ಮೇಲೆ ಅಕ್ಕ ಎರಡು ಸಲ ಜಾರಿದಳು. ಒಗೆದ ಬಟ್ಟೆ ಒಣಗುವ ಮಾತೇ ಇಲ್ಲ. ಈ ಕಾಲದಲ್ಲಿ ಹೋಗುವವರು ಬೇಗ ಒಣಗುವ ಬಟ್ಟೆ ತೆಗೆದುಕೊಂಡು ಹೋಗಿ. ಆದರೆ ಈ ಕಾಲಕ್ಕೆ ಒಂದು ಲಾಭವೂ ಇದೆ. ರಸ್ತೆ ಬದಿಯಲ್ಲಿ ಹಾಲುವಾಣದ ಜಾತಿಯ ಮರಗಳು ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟಿದ್ದವು. ಅದೇ ಈ ಊರಿನ ಹೂವು.

ನಾವು ಹಿಡಿದಿದ್ದು ಹಳೇ ಪೇಟೆಯ ಒಂದು ಸಣ್ಣ ವಸತಿಗೃಹ. ಅಲ್ಲಿದ್ದ ಹುಡುಗಿಗೆ ಭಾರತದ ಪಾಸ್‌ಪೋರ್ಟನ್ನು ಕಂಪ್ಯೂಟರಿಗೆ ಹೇಗೆ ಸೇರಿಸಬೇಕು ಅಂತ ಗೊತ್ತಿಲ್ಲ. ವಿದೇಶಿಯರು ಉಳಿದರೆ ಪೊಲೀಸರಿಗೆ ವರದಿ ಹೋಗಲೇಬೇಕು. ಅವಳು ಯಾರಿಗೋ ಫೋನ್ ಮಾಡಿದಳು, ಅವರು ಇನ್ಯಾರಿಗೋ ಮಾಡಿದರು. ಅಷ್ಟು ಹೊತ್ತು ನಮಗೆ ಸಣ್ಣ ಬಟ್ಟಲಲ್ಲಿ ಚಹಾ. ಬಟ್ಟಲು ಖಾಲಿಯಾದರೆ ಮತ್ತೆ ತುಂಬುತ್ತಾಳೆ. ತಿಯೆ ಗ್ವಾನ್ ಯಿನ್ ಅನ್ನುವ ಹೆಸರುವಾಸಿ ಚಹಾ ಬೆಳೆಯುವ ಆನ್‌ಶಿ ಇದೇ ಚುವಾನ್‌ಜೌ ಆಡಳಿತಕ್ಕೆ ಸೇರಿದ್ದು. ಹಾಗಾಗಿ ಇಲ್ಲಿ ಅಂಗಡಿ, ಗ್ಯಾರೇಜು, ಔಷಧಿ ಅಂಗಡಿ ಎಲ್ಲಿ ಹೋದರೂ ಒಂದು ಚಹಾ ತಟ್ಟೆ ಇದ್ದೇ ಇರುತ್ತದೆ. "ಬೇಡ ಅನ್ನಲಿಕ್ಕೆ ಹೇಗೆ ಹೇಳುವುದು ಮಾರಾಯ್ತಿ?" ಅಂತ ಅಕ್ಕ ಕೇಳುವಷ್ಟರಲ್ಲಿ ಪಾಸ್‌ಪೋರ್ಟ್ ಕೆಲಸ ಮುಗಿಯಿತು. ಬುಕ್ ಮಾಡುವ ಮೊದಲೇ "ವಿದೇಶಿಯರನ್ನು ಉಳಿಸಿಕೊಳ್ಳುತ್ತೀರಾ" ಅಂತ ಒಂದು ಮೆಸೇಜ್ ಹಾಕಿದರೆ ಈ ಕಾಯುವಿಕೆ ತಪ್ಪುತ್ತದೆ.

ಸಂಜೆ ಪಶ್ಚಿಮ ಬೀದಿ. ಹಳೇ ಪೇಟೆಯ ಮುಖ್ಯ ಬೀದಿ ಇದು. ಜನ ಸಿಕ್ಕಾಪಟ್ಟೆ. ಬೀದಿಯ ಮಧ್ಯ ನಿಂತು ತಲೆ ಎತ್ತಿದರೆ ಕೈಯುವಾನ್ ದೇವಾಲಯದ ಎರಡು ಕಲ್ಲಿನ ಗೋಪುರಗಳು ಮೋಡದೊಳಗೆ ಅರ್ಧ ಮುಳುಗಿ ನಿಂತಿರುತ್ತವೆ.

ಅಕ್ಕ ಮೀನು, ಮಾಂಸ ಬಿಟ್ಟು ಬಹಳ ವರ್ಷಗಳಾದವು. ಈ ಊರಲ್ಲಿ ಅವಳಿಗೆ ಊಟ ಹುಡುಕುವುದೇ ಒಂದು ಕೆಲಸ ಅಂದುಕೊಂಡಿದ್ದೆ. ಅಷ್ಟು ಕಷ್ಟ ಆಗಲಿಲ್ಲ. ಬೌದ್ಧ ದೇವಾಲಯಗಳ ಆಸುಪಾಸು ಶುದ್ಧ ಸಸ್ಯಾಹಾರದ ಸಣ್ಣ ಹೋಟೆಲುಗಳು ಇರುತ್ತವೆ. ಚೀನೀ ಪಂಚಾಂಗದ ಪಾಡ್ಯ, ಹುಣ್ಣಿಮೆಯಂದು ಇಲ್ಲಿನವರೇ ಅನೇಕರು ಮಾಂಸ ತಿನ್ನುವುದಿಲ್ಲ. "ನಾನು ಸಸ್ಯಾಹಾರಿ, ಮೀನು ಬೇಡ, ಹಂದಿ ಕೊಬ್ಬು ಬೇಡ" ಅಂತ ಚೀನಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಕೊಬ್ಬಿನ ಮಾತು ಮರೆಯಬೇಡಿ. ಹೆಸರುಕಾಳಿನ ಸಿಹಿ ಬಿಲ್ಲೆ ನೋಡಿದರೆ ಪಕ್ಕಾ ನಮ್ಮದೇ ತಿಂಡಿ ಅನಿಸುತ್ತದೆ, ಆದರೆ ಹಲವು ಕಡೆ ಅದರ ಹೊರಪದರಕ್ಕೆ ಹಾಕುವುದು ಹಂದಿ ಕೊಬ್ಬು. ಬೇಯಿಸಿದ ಶೇಂಗಾ ಪಾಯಸದ ಥರದ ಸೂಪು ಅಕ್ಕನಿಗೆ ಬಹಳ ಹಿಡಿಸಿತು. ನಾನು ಅಕ್ಕಪಕ್ಕದ ಅಂಗಡಿಯಲ್ಲಿ ಆಯ್ಸ್ಟರ್ ಸಿಂಪಿಯನ್ನು ಗೆಣಸಿನ ಹಿಟ್ಟು, ಮೊಟ್ಟೆ ಸೇರಿಸಿ ಹುರಿದ ದೋಸೆ ತಿಂದೆ. ಅಂಚು ಗರಿಗರಿ, ಒಳಗೆ ಅಂಟಂಟು.

ಎರಡನೇ ದಿನ: ಕೈಯುವಾನ್

ಬೆಳಿಗ್ಗೆ ಏಳಕ್ಕೇ ದೇವಾಲಯದಲ್ಲಿದ್ದೆವು. ಒಳ್ಳೆಯದೇ ಆಯಿತು. ಒಂಬತ್ತರ ಮೇಲೆ ಬಾವುಟ ಹಿಡಿದ ಗೈಡುಗಳ ಹಿಂಡು ಬರುತ್ತದೆ.

ಬಾಗಿಲಲ್ಲಿ ಒಂದು ಜೋಡಿ ಸಾಲು ಬರೆದು ತೂಗುಹಾಕಿದ್ದಾರೆ. ಈ ಊರನ್ನು ಹಿಂದೆ ಬುದ್ಧನ ನಾಡು ಅನ್ನುತ್ತಿದ್ದರು, ಬೀದಿ ತುಂಬ ಸಂತರೇ ಅನ್ನುವುದು ಅದರ ಸಾರ. ಮಾತು ಹನ್ನೆರಡನೇ ಶತಮಾನದ ಝು ಶಿ ಅನ್ನುವ ಪಂಡಿತರದ್ದು ಅನ್ನುತ್ತಾರೆ, ಕೈಬರಹ ಹೊಂಗ್‌ಯಿ ಅನ್ನುವ ಬೌದ್ಧ ಭಿಕ್ಷುವಿನದು. ಸಂಗೀತ, ಚಿತ್ರಕಲೆಯಲ್ಲಿ ದೊಡ್ಡ ಹೆಸರು ಮಾಡಿ ಆಮೇಲೆ ಸನ್ಯಾಸಿಯಾದ ಅವರು 1942ರಲ್ಲಿ ತೀರಿಕೊಂಡಿದ್ದು ಇದೇ ಊರಲ್ಲಿ.

ದೇವಾಲಯ ಶುರುವಾಗಿದ್ದು 686ರಲ್ಲಿ. ಇಲ್ಲಿ ಹಿಪ್ಪುನೇರಳೆ ತೋಟ ಇತ್ತಂತೆ. ಜಾಗ ಕೇಳಿದ ಭಿಕ್ಷುವಿಗೆ ತೋಟದ ಯಜಮಾನ "ಮರದಲ್ಲಿ ಬಿಳಿ ತಾವರೆ ಅರಳಿದರೆ ಕೊಡುತ್ತೇನೆ" ಅಂದನಂತೆ. ಅರಳಿತು, ಕೊಟ್ಟ. ಆ ಹಿಪ್ಪುನೇರಳೆ ಮರ ಅಂತ ಒಂದನ್ನು ಈಗಲೂ ತೋರಿಸುತ್ತಾರೆ. ಸಿಡಿಲು ಬಡಿದು ಸೀಳಿ ಹೋಗಿದೆ, ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಚಿಗುರು ಮಾತ್ರ ಜೋರಾಗಿಯೇ ಇತ್ತು.

ಮುಖ್ಯ ಮಂಟಪದ ಒಳಗೆ ಐದು ಬುದ್ಧರ ದೊಡ್ಡ ಮೂರ್ತಿಗಳು. ಎಲ್ಲರೂ ಅವನ್ನು ನೋಡಿ ಹೊರಡುತ್ತಾರೆ. ನೀವು ಸ್ವಲ್ಪ ತಲೆ ಎತ್ತಿ. ಮಾಡು ಹೊತ್ತ ತೊಲೆಗಳ ತುದಿಯಲ್ಲಿ ರೆಕ್ಕೆಯಿರುವ 24 ಹೆಣ್ಣುಮಕ್ಕಳು ವಾದ್ಯ, ಹಣ್ಣು, ತಟ್ಟೆ ಹಿಡಿದು ಮುಂದಕ್ಕೆ ಚಾಚಿಕೊಂಡಿದ್ದಾರೆ.

ಆಮೇಲೆ ಮಂಟಪದ ಹಿಂಬದಿಗೆ ಹೋಗಿ. ಈ ಊರಲ್ಲಿ ಒಂದೇ ಜಾಗ ನೋಡಲು ಸಮಯ ಇದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಹಿಂದಿನ ಜಗಲಿಯಲ್ಲಿ ಎರಡು ಕಂಬ. ಉಳಿದ ಕಂಬಗಳಿಗಿಂತ ಬೇರೆ ಬಣ್ಣ, ಬೇರೆ ಆಕಾರ, ಹದಿನಾರು ಮುಖ. ಅಕ್ಕ ಕನ್ನಡಕ ಏರಿಸಿ ಹತ್ತಿರ ಹೋದಳು. "ಇದು ಒರಳಲ್ವಾ?" ಅಂದಳು. ಒರಳೇ. ಸೊಂಟಕ್ಕೆ ಒರಳು ಕಟ್ಟಿಸಿಕೊಂಡ ಕೃಷ್ಣ ಎರಡು ಮರದ ನಡುವೆ ಸಿಕ್ಕಿಕೊಂಡಿದ್ದಾನೆ. ಅದರ ಮೇಲೆ, ಕೆಳಗೆ, ಪಕ್ಕದ ಕಂಬದಲ್ಲಿ ನೋಡುತ್ತ ಹೋದರೆ ಕಾಳಿಂಗನ ಮೇಲೆ ಕೃಷ್ಣ, ಹಿರಣ್ಯಕಶಿಪುವನ್ನು ತೊಡೆ ಮೇಲೆ ಹಾಕಿಕೊಂಡ ನರಸಿಂಹ, ಗಜೇಂದ್ರನನ್ನು ಬಿಡಿಸಲು ಗರುಡನ ಮೇಲೆ ಬಂದ ವಿಷ್ಣು. ಎಲ್ಲ ಅಂಗೈಯಗಲದ ವೃತ್ತಗಳಲ್ಲಿ. ಅವುಗಳ ಸುತ್ತ ಚೀನೀ ಹೂಬಳ್ಳಿ. ಕೃಷ್ಣನ ಮುಖದಲ್ಲೂ ಸ್ವಲ್ಪ ಚೀನೀ ಕಳೆ ಇದೆ.

ಹದಿಮೂರನೇ ಶತಮಾನದ ಕೊನೆಯ ಹೊತ್ತಿಗೆ ಚುವಾನ್‌ಜೌನಲ್ಲಿ ತಮಿಳು ವ್ಯಾಪಾರಿಗಳು ಕಟ್ಟಿಸಿದ ಶಿವಾಲಯ ಇತ್ತು. ಅದು ಬಿದ್ದುಹೋದ ಮೇಲೆ, ಮುಂದೆ ಬಂದ ಮಿಂಗ್ ರಾಜವಂಶದ ಕಾಲದಲ್ಲಿ ಈ ಬೌದ್ಧ ಮಂಟಪವನ್ನು ರಿಪೇರಿ ಮಾಡುವಾಗ ಹಿಂದೂ ಗುಡಿಯ ಕಂಬಗಳನ್ನು ಇಲ್ಲಿ ತಂದು ನಿಲ್ಲಿಸಿದರು. ಮಂಟಪದ ಮುಂದಿನ ಕಟ್ಟೆಗೂ ಅಂಥದೇ ಕಲ್ಲುಗಳು. ಸಿಂಹದ ಮೈ, ಮನುಷ್ಯನ ಮುಖ ಇರುವ ಕೆತ್ತನೆ ಸಾಲಾಗಿ ಸುತ್ತುತ್ತದೆ. ಕಟ್ಟೆಯ ಮೇಲೆ ಜನ ಊದುಬತ್ತಿ ಹಿಡಿದು ನಿಂತಿರುತ್ತಾರೆ, ಕಾಲ ಬುಡದಲ್ಲಿ ಇರುವುದನ್ನು ಬಗ್ಗಿ ನೋಡುವವರು ಕಮ್ಮಿ.

ಒಬ್ಬ ವಯಸ್ಸಾದ ಸ್ವಯಂಸೇವಕರು ನಮ್ಮನ್ನೇ ನೋಡುತ್ತಿದ್ದರು. ಫೋನಿನ ಅನುವಾದಕ ತೆಗೆದು "ಇದು ಯಾವ ಕಥೆ?" ಅಂತ ಕೇಳಿದರು. ಅಕ್ಕ ಕನ್ನಡದಲ್ಲೇ ಶುರು ಮಾಡಿದಳು. ಬೆಣ್ಣೆ ಕದ್ದಿದ್ದು, ಯಶೋದೆ ಕಟ್ಟಿಹಾಕಿದ್ದು, ಮರ ಉರುಳಿದ್ದು. ನಾನು ಇಂಗ್ಲಿಷಿಗೆ, ಫೋನು ಚೀನಿಗೆ. ಅವರು ಪೂರ್ತಿ ಕೇಳಿಸಿಕೊಂಡು "ತುಂಟ ಮಗು" ಅಂದರು. ಆಮೇಲೆ ನಮ್ಮನ್ನು ಪಶ್ಚಿಮದ ಗೋಪುರಕ್ಕೆ ಕರೆದುಕೊಂಡು ಹೋಗಿ ನಾಲ್ಕನೇ ಅಂತಸ್ತಿನ ಕಡೆ ಕೈ ತೋರಿಸಿದರು. ಅಲ್ಲೊಂದು ಕೋತಿಮುಖದ ವೀರ, ಕೈಯಲ್ಲಿ ಕತ್ತಿ. ಚೀನೀ ಕಥೆಯ ವಾನರ ಸುನ್ ವುಕೊಂಗ್‌ನ ಹಳೇ ರೂಪ ಅನ್ನುತ್ತಾರೆ. ಹನುಮಂತನ ನೆಂಟಸ್ತಿಕೆಯನ್ನು ಹುಡುಕುವ ವಿದ್ವಾಂಸರೂ ಇದ್ದಾರೆ. ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು ಹೋಗಿ, ಇಲ್ಲದಿದ್ದರೆ ಫೋನಿನ ಜೂಮ್.

ಗೋಪುರಗಳ ಬಗ್ಗೆ ಒಂದು ಮಾತು. ಮೊದಲು ಮರದ್ದು, ಆಮೇಲೆ ಇಟ್ಟಿಗೆಯದು, ಕೊನೆಗೆ 1228ರಿಂದ 1250ರೊಳಗೆ ಎರಡನ್ನೂ ಗ್ರಾನೈಟಿನಲ್ಲಿ ಕಟ್ಟಿದರು. ಮರದ ಜೋಡಣೆಯನ್ನೇ ಕಲ್ಲಿನಲ್ಲಿ ನಕಲು ಮಾಡಿದ್ದಾರೆ. ಪೂರ್ವದ್ದು ಸುಮಾರು 48 ಮೀಟರ್ ಎತ್ತರ, ಪಶ್ಚಿಮದ್ದು ತುಸು ಗಿಡ್ಡ. 1604ರಲ್ಲಿ ಇಲ್ಲಿ ಭಾರೀ ಭೂಕಂಪ ಆಯಿತು, ಊರಿನ ಬಹಳಷ್ಟು ಮನೆಗಳು ಬಿದ್ದವು. ಇವೆರಡು ನಿಂತವು. ಬಿದ್ದ ಮನೆಗಳ ಕಲ್ಲು, ಇಟ್ಟಿಗೆಯ ಚೂರುಗಳನ್ನು ಒಟ್ಟುಗೂಡಿಸಿ ಕಟ್ಟಿದ ಗೋಡೆಗಳು ಹಳೇ ಓಣಿಗಳಲ್ಲಿ ಈಗಲೂ ಸಿಗುತ್ತವೆ. ಬಿಳಿ ಕಲ್ಲು, ಕೆಂಪು ಇಟ್ಟಿಗೆ, ಮತ್ತೆ ಕಲ್ಲು. ಅಂದಗಾಣಿಸಲು ಮಾಡಿದ್ದು ಅಂತ ನಾನು ತಿಳಿದಿದ್ದೆ, ಏಕೆಂದರೆ ಅಷ್ಟು ಚೆಂದ ಕಾಣುತ್ತದೆ.

ದೇವಾಲಯದ ಪೂರ್ವ ಭಾಗದಲ್ಲೇ ಒಂದು ಹಡಗು ಇದೆ. 1974ರಲ್ಲಿ ಹೌಜು ಬಂದರಿನ ಕೆಸರಿನಿಂದ ತೆಗೆದದ್ದು, ಸೊಂಗ್ ರಾಜವಂಶದ ಕೊನೆಯ ವರ್ಷಗಳದ್ದು, ಅಂದರೆ ಹದಿಮೂರನೇ ಶತಮಾನದ್ದು. ಉಳಿದಿರುವ ಭಾಗವೇ 24 ಮೀಟರ್ ಉದ್ದ. ಒಳಗೆ 13 ಕೋಣೆ. ಒಂದಕ್ಕೆ ನೀರು ನುಗ್ಗಿದರೂ ಉಳಿದವು ತೇಲಿಸಬೇಕು ಅನ್ನುವ ಲೆಕ್ಕ. ಅದರಲ್ಲಿ ಸಿಕ್ಕಿದ್ದು ಸುಗಂಧದ ಮರ, ಕವಡೆ, ಕಾಳುಮೆಣಸು. ಮೆಣಸಿನ ಮುಂದೆ ಅಕ್ಕ ಬಹಳ ಹೊತ್ತು ನಿಂತಳು. "ಎಲ್ಲಿಯ ಬಳ್ಳಿಯದೋ" ಅಂದಳು.

ಮೂರನೇ ದಿನ: ಒಂದೇ ರಸ್ತೆಯಲ್ಲಿ ಮೂರು ದೇವರು

ಹಳೇ ಪೇಟೆಯೊಳಗೆ ಬಿಳಿ ಬಣ್ಣದ ಪುಟ್ಟ ಎಲೆಕ್ಟ್ರಿಕ್ ಬಸ್ಸುಗಳು ಓಡುತ್ತವೆ. ಕಿಟಕಿ ಇಲ್ಲ, ನಡೆಯುವವರಿಗಿಂತ ಸ್ವಲ್ಪ ಬೇಗ ಹೋಗುತ್ತವೆ. ಅದರಲ್ಲಿ ಕೂತು ಸುಮ್ನೆ ಒಂದು ಸುತ್ತು ಹಾಕುವುದೂ ಚೆನ್ನಾಗಿರುತ್ತದೆ. ಅವತ್ತು ನನ್ನ ಪೇಮೆಂಟ್ ಆ್ಯಪ್ ಕೈಕೊಟ್ಟಿತು. ಗುರುತು ಪರಿಶೀಲನೆ ಬಾಕಿ ಅಂತ ಲಾಕ್ ಆಗಿ ಕೂತಿತು. ಹಿಂದಿನ ಸೀಟಿನ ಕಾಲೇಜು ಹುಡುಗ ತನ್ನ ಫೋನಿನಿಂದ ಇಬ್ಬರದ್ದೂ ಕೊಟ್ಟುಬಿಟ್ಟ, ನೋಟು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಎರಡು ಬೇರೆ ಆ್ಯಪಿಗೆ ಎರಡು ಬೇರೆ ಕಾರ್ಡು ಜೋಡಿಸಿಕೊಂಡು, ಜೊತೆಗೆ ಚಿಲ್ಲರೆ ನೋಟು ಇಟ್ಟುಕೊಂಡರೆ ನಿಶ್ಚಿಂತೆ.

ತುಮೆನ್ ರಸ್ತೆಯಲ್ಲಿ ಚಿಂಗ್‌ಜಿಂಗ್ ಮಸೀದಿ ಇದೆ. 1009ರಲ್ಲಿ ಕಟ್ಟಿದ್ದು, 1310ರಲ್ಲಿ ಶಿರಾಜ್ ಕಡೆಯ ಅಹ್ಮದ್ ಅನ್ನುವವರು ದುರಸ್ತಿ ಮಾಡಿಸಿದ್ದು. ಹಸಿರು ಛಾಯೆಯ ಗ್ರಾನೈಟಿನ ಎತ್ತರದ ಬಾಗಿಲು, ಒಂದರ ಹಿಂದೆ ಒಂದು ಚೂಪು ಕಮಾನು. ಒಳಗೆ ಪ್ರಾರ್ಥನಾ ಮಂದಿರಕ್ಕೆ ಈಗ ಮಾಡೇ ಇಲ್ಲ. ಗೋಡೆ, ಕಿಟಕಿ, ಅರಬ್ಬಿ ಅಕ್ಷರ, ಮೇಲೆ ಆಕಾಶ. ತುಂತುರು ಮಳೆ ನೇರ ನೆಲಕ್ಕೆ ಬೀಳುತ್ತಿತ್ತು. 1407ರಲ್ಲಿ ಯೊಂಗ್‌ಲೆ ಚಕ್ರವರ್ತಿ ಹೊರಡಿಸಿದ ಆಜ್ಞೆಯೊಂದನ್ನು ಕಲ್ಲಿನಲ್ಲಿ ಕೆತ್ತಿ ಗೋಡೆಗೆ ಕೂರಿಸಿದ್ದಾರೆ. ಮುಸ್ಲಿಮರಿಗೆ ಯಾರೂ ತೊಂದರೆ ಕೊಡಬಾರದು ಅನ್ನುವ ರಾಜಾಜ್ಞೆ ಅದು.

ಅಲ್ಲಿಂದ ಕೆಲವೇ ಹೆಜ್ಜೆ, ಗ್ವಾನ್‌ದಿ ದೇವರ ಗುಡಿ. ಹಿಂದೊಮ್ಮೆ ಸೇನಾಪತಿಯಾಗಿದ್ದ ಗುವಾನ್ ಯು ಅನ್ನುವವನೇ ಈ ಗ್ವಾನ್‌ದಿ, ಈಗ ವ್ಯಾಪಾರಿಗಳ ದೇವರು. ಊದುಬತ್ತಿಯ ಹೊಗೆಗೆ ಕಣ್ಣಲ್ಲಿ ನೀರು. ಜನ ಮಂಡಿಯೂರಿ ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಡುತ್ತಾರೆ. ಒಂದು ಮೇಲ್ಮುಖ, ಒಂದು ಕೆಳಮುಖ ಬಿದ್ದರೆ ದೇವರು ಒಪ್ಪಿದ. ಎರಡೂ ಚಪ್ಪಟೆ ಬದಿ ಮೇಲಾದರೆ ದೇವರು ನಗುತ್ತಿದ್ದಾನೆ, ಇನ್ನೊಮ್ಮೆ ಕೇಳು ಅಂತ. ಊರಲ್ಲಿ ಹೂವಿನ ಪ್ರಸಾದ ಕೇಳಿ ಅಭ್ಯಾಸ ಇರುವ ಅಕ್ಕನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಮಗನ ಮದುವೆ ವಿಷಯ ಕೇಳಿದಳು. ದೇವರು ನಕ್ಕ. ಮತ್ತೆ ಕೇಳಿದಳು. ಮತ್ತೆ ನಕ್ಕ. ಪಕ್ಕದಲ್ಲಿದ್ದ ಹೆಂಗಸು ಅಕ್ಕನ ಬೆನ್ನು ತಟ್ಟಿ ಏನೋ ಹೇಳಿ ತಾನೂ ನಕ್ಕಳು. ಅದೇ ರಸ್ತೆಯ ಹತ್ತಿರದಲ್ಲೇ ಕನ್‌ಫ್ಯೂಶಿಯಸ್ ದೇವಾಲಯ. ಅದನ್ನು ಬೇಗ ಮುಗಿಸಿದೆವು.

ಮಧ್ಯಾಹ್ನ ಸಾಗರ ವ್ಯಾಪಾರದ ಮ್ಯೂಸಿಯಂ. ಸೋಮವಾರ ರಜೆ, ನೆನಪಿಡಿ. ಕಲ್ಲುಗಳ ವಿಭಾಗಕ್ಕೆ ನೇರ ಹೋದರೆ ಕಾಲಿನಲ್ಲಿ ಶಕ್ತಿ ಉಳಿದಿರುವಾಗಲೇ ಮುಖ್ಯವಾದದ್ದು ನೋಡಬಹುದು. ಅರಬ್ಬಿ, ಪರ್ಷಿಯನ್ ಬರಹದ ಸಮಾಧಿ ಕಲ್ಲುಗಳು, ತಾವರೆಯ ಮೇಲೆ ಶಿಲುಬೆ ಕೆತ್ತಿದ ಕ್ರೈಸ್ತರ ಕಲ್ಲುಗಳು, ಶಿಲುಬೆ ಹಿಡಿದ ರೆಕ್ಕೆಯ ದೇವದೂತರು. ಆಮೇಲೆ ಹಿಂದೂ ಕಲ್ಲುಗಳು. ನಾಲ್ಕು ಕೈಯ ವಿಷ್ಣು. ಸೊಂಡಿಲಲ್ಲಿ ತಾವರೆ ಹಿಡಿದು ಲಿಂಗಕ್ಕೆ ಅರ್ಪಿಸುವ ಆನೆ. ಲಿಂಗದ ಮೇಲೆ ಹಾಲು ಕರೆಯುವ ಹಸು. ಹಸುವಿನ ಕಲ್ಲಿನ ಮುಂದೆ ನಿಂತ ಯಾವ ಕನ್ನಡಿಗರಿಗೂ ಕಥೆ ಕೇಳಬೇಕಾಗಿಲ್ಲ.

1956ರಲ್ಲಿ ಈ ಊರಲ್ಲಿ ತಮಿಳು ಶಾಸನವೊಂದು ಸಿಕ್ಕಿತು. 1281ರದ್ದು. ಮಂಗೋಲ ಖಾನನ ಅಪ್ಪಣೆ ಪಡೆದು, ಅವನ ಒಳಿತಿಗಾಗಿ ಶಿವನನ್ನು ಪ್ರತಿಷ್ಠೆ ಮಾಡಿದೆವು ಅನ್ನುತ್ತದೆ. ಕೊನೆಯಲ್ಲಿ ಒಂದು ಸಾಲು ಚೀನಿ. ಪೂರ್ವದ ಕಡಲಲ್ಲಿ ಓಡಾಡಿದ ದಕ್ಷಿಣದ ವರ್ತಕ ಸಂಘಗಳಲ್ಲಿ ದೊಡ್ಡದು ಅಯ್ಯಾವೊಳೆ ಐನೂರ್ವರದ್ದು, ಆ ಅಯ್ಯಾವೊಳೆ ಅಂದರೆ ನಮ್ಮ ಐಹೊಳೆ. ಸುಮಾತ್ರಾದಲ್ಲಿ 1088ರ ಅವರ ತಮಿಳು ಶಾಸನವೇ ಇದೆ. ಚುವಾನ್‌ಜೌ ಶಾಸನದಲ್ಲಿ ಅವರ ಹೆಸರಿಲ್ಲ. ಆದರೂ ಮಲಪ್ರಭೆಯ ದಡದ ಊರು ಅಲ್ಲಿ ನಿಂತಾಗ ನನಗೆ ನೆನಪಾಗಿದ್ದು ಸುಳ್ಳಲ್ಲ.

ಇಷ್ಟೆಲ್ಲ ಗುಡಿ, ಮಸೀದಿ, ಇಗರ್ಜಿ ಏನಾದವು? ಚೀನಾ ಆಳಿದ ಮಂಗೋಲರ ಯುವಾನ್ ಆಡಳಿತದ ಕೊನೆಗೆ, 1357ರಿಂದ ಹತ್ತು ವರ್ಷ ಈ ಊರಲ್ಲಿ ದಂಗೆ. ವಿದೇಶಿ ಸೈನಿಕರೇ ತಿರುಗಿಬಿದ್ದರು, ಆಮೇಲೆ ಸೇಡು. ಹೊರಗಿನವರು ಸತ್ತರು, ಓಡಿದರು, ಉಳಿದವರು ಊರಿನಲ್ಲಿ ಕರಗಿದರು. ಕಲ್ಲುಗಳು ಕೋಟೆ ಗೋಡೆಗೆ, ಸೇತುವೆಗೆ, ಮನೆಯ ಪಾಯಕ್ಕೆ ಹೋದವು. ಇಪ್ಪತ್ತನೇ ಶತಮಾನದಲ್ಲಿ ಕೋಟೆ ಕೆಡವಿದಾಗ ಒಂದೊಂದೇ ಹೊರಗೆ ಬಂದವು. ವು ವೆನ್‌ಲಿಯಾಂಗ್ ಅನ್ನುವ ಸ್ಥಳೀಯ ಶಾಲಾ ಮೇಷ್ಟ್ರು, ಪಾಠ ಮಾಡುತ್ತಿದ್ದದ್ದು ಜೀವಶಾಸ್ತ್ರ, ಅವನ್ನು ವರ್ಷಗಟ್ಟಲೆ ಹುಡುಕಿ ಕೂಡಿಟ್ಟು ಸರ್ಕಾರಕ್ಕೆ ಕೊಟ್ಟರು. 1959ರಲ್ಲಿ ಮ್ಯೂಸಿಯಂ ಶುರುವಾಯಿತು. ನನಗೆ ಆ ಮೇಷ್ಟ್ರ ಮೇಲೆ ಖಾನ, ಚಕ್ರವರ್ತಿಗಳಿಗಿಂತ ಜಾಸ್ತಿ ಗೌರವ.

ನಾಲ್ಕನೇ ದಿನ: ಸಿಂಪಿ ಬೆಳೆಸಿ ಕಟ್ಟಿದ ಸೇತುವೆ

ಲೊಯಾಂಗ್ ಸೇತುವೆ ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್. ನದಿ ಕಡಲು ಸೇರುವಲ್ಲಿ, ಅಳಿವೆಯ ಮೇಲೆ. ಹೊರಡುವ ಮೊದಲು ಇಳಿತದ ಹೊತ್ತು ನೋಡಿಕೊಳ್ಳಿ. ನೀರು ಇಳಿದಾಗಲೇ ಸೇತುವೆಯ ಕಾಲುಗಳು ಕಾಣುವುದು, ಅಲ್ಲೇ ಇರುವುದು ಸ್ವಾರಸ್ಯ.

1053ರಿಂದ 1059ರವರೆಗೆ ಕಟ್ಟಿದ್ದು. ಆಗ ಇಲ್ಲಿನ ಅಧಿಕಾರಿ ತ್ಸಾಯ್ ಶಿಯಾಂಗ್, ಒಳ್ಳೆಯ ಕೈಬರಹಕ್ಕೂ ಪ್ರಸಿದ್ಧ. ಅಳಿವೆಯ ಕೆಸರಲ್ಲಿ ಕಂಬ ನಿಲ್ಲುವುದಿಲ್ಲ. ಹಾಗಾಗಿ ಮೊದಲು ದಡದಿಂದ ದಡಕ್ಕೆ ರಾಶಿ ರಾಶಿ ಕಲ್ಲು ಸುರಿದು ನೀರೊಳಗೆ ಒಂದು ದಿಬ್ಬ ಮಾಡಿದರು. ಅದರ ಮೇಲೆ ದೋಣಿಯ ಮೂತಿಯಂತೆ ಚೂಪಾದ ಕಾಲುಗಳು. ಆಮೇಲೆ ಕಲ್ಲುಗಳಿಗೆ ಸಿಂಪಿ ಬಿಟ್ಟು ಬೆಳೆಸಿದರು. ಸಿಂಪಿ ಕಲ್ಲಿಗೂ ಕಲ್ಲಿಗೂ ಅಂಟಿಕೊಂಡು ಬೆಳೆಯುತ್ತದೆ, ಗಾರೆಯ ಕೆಲಸವನ್ನು ಅದೇ ಮಾಡುತ್ತದೆ. ಮೇಲಿನ ಉದ್ದನೆಯ ಕಲ್ಲು ಹಾಸುಗಳನ್ನು ದೋಣಿಯಲ್ಲಿ ತಂದು, ಭರತದ ನೀರು ಏರಿದಾಗ ಜಾಗಕ್ಕೆ ಸರಿಸಿ, ಇಳಿದಾಗ ಕೂರಿಸಿದರು ಅನ್ನುತ್ತಾರೆ. ಖರ್ಚು 1 ಕೋಟಿ 40 ಲಕ್ಷ ನಾಣ್ಯ ಅಂತ ತ್ಸಾಯ್ ಶಿಯಾಂಗ್ ಬರೆಸಿದ ಶಾಸನ ಲೆಕ್ಕ ಕೊಡುತ್ತದೆ. ಕಾಮಗಾರಿಯ ಲೆಕ್ಕವನ್ನು ಕಲ್ಲಿನಲ್ಲಿ ಬರೆಸಿದ ಅಧಿಕಾರಿ!

ಸೇತುವೆಯ ಮೇಲೆ ಸ್ಕೂಟರು, ಸೈಕಲ್ಲು, ತರಕಾರಿ ಬುಟ್ಟಿ. ಈಗ ಉಳಿದಿರುವುದು 731 ಮೀಟರ್. ಕಲ್ಲು ಹಾಸುಗಳ ನಡುವೆ ಸಂದು, ಕೆಳಗೆ ಕೆಸರು ಮಿನುಗುತ್ತದೆ. ಒಂದು ಸಂದಿನಲ್ಲಿ ಸಿಕ್ಕಿ ಅಕ್ಕನ ಚಪ್ಪಲಿಯ ಪಟ್ಟಿ ಕಿತ್ತುಬಂತು. ಕುಂಟುತ್ತ ದಡ ಸೇರಿದೆವು. ಅಲ್ಲಿ ಗೋಡೆಗೊರಗಿ ಹೆಂಗಸರು ಸಿಂಪಿ ಬಿಡಿಸುತ್ತಿದ್ದರು. ಮೊಂಡು ಕತ್ತಿ, ಒಂದು ತಿರುವು, ಬೋಗುಣಿಗೆ ಪಟ್ ಅಂತ ಬೀಳುತ್ತದೆ. ಅವರಲ್ಲೊಬ್ಬಾಕೆ ಅಕ್ಕನ ಪಾದ ನೋಡಿ, ಏನೂ ಕೇಳದೆ, ಬಲೆ ಹೆಣೆಯುವ ನೈಲಾನ್ ದಾರ ತಂದು ಚಪ್ಪಲಿ ಹೊಲಿದು ಕೊಟ್ಟಳು. ಅವರ ಮಾತು ಆ ಕರಾವಳಿಯ ಮಿನ್‌ನಾನ್ ಭಾಷೆ, ನಮ್ಮ ಅನುವಾದಕಕ್ಕೆ ಒಂದು ಪದವೂ ಅರ್ಥವಾಗಲಿಲ್ಲ. ಅಕ್ಕ ಕುಂದಾಪುರದ ಕನ್ನಡದಲ್ಲಿ, ಆಕೆ ಮಿನ್‌ನಾನಿನಲ್ಲಿ ಹದಿನೈದು ನಿಮಿಷ ಮಾತಾಡಿದರು. ನಾನು ಒಂದು ಕಿಲೋ ಸಿಂಪಿ ಕೊಂಡುಕೊಂಡೆ. ರೂಮಿನಲ್ಲಿ ಒಲೆ ಇರಲಿಲ್ಲ, ವಸತಿಗೃಹದ ಹುಡುಗಿ ತನ್ನ ಮನೆಗೆ ಒಯ್ದು ಸಾರು ಮಾಡಿ ತಂದಳು.

ದಡದುದ್ದಕ್ಕೂ ಕಾಂಡ್ಲಾ ಗಿಡ. ಬೆಳ್ಳಕ್ಕಿಗಳು. ಆ ಒಂದು ಫೋಟೋ ಕಳಿಸಿದರೆ ಮನೆಯಲ್ಲಿ ಎಲ್ಲರೂ "ಯಾವಾಗ ಊರಿಗೆ ಬಂದಿರಿ?" ಅಂತ ಕೇಳಿದರು.

ಐದನೇ ದಿನ: ಹೂವು, ನಾಲ್ಕು ಕೈಯ ದೇವಿ, ಬೆಳಕಿನ ಬುದ್ಧ

ಶುನ್‌ಪು ಮೀನುಗಾರರ ಹಳ್ಳಿ. ಇಲ್ಲಿನ ಹೆಂಗಸರು ತುರುಬಿನ ಸುತ್ತ ಮೂರು ನಾಲ್ಕು ಸುತ್ತು ಹೂವಿನ ದಂಡೆ ಸುತ್ತಿಕೊಳ್ಳುತ್ತಾರೆ. ಈಚೆಗೆ ಇದು ರೀಲ್ಸಿನಲ್ಲಿ ಓಡಿ, ದೇಶದ ಮೂಲೆ ಮೂಲೆಯಿಂದ ಹುಡುಗಿಯರು ಹೂ ಮುಡಿಯಲು ಬರುತ್ತಾರೆ. ಪ್ರತಿ ಮನೆಯೂ ಅಲಂಕಾರದ ಅಂಗಡಿ. ನನಗೆ ಮೊದಲು ಕಿರಿಕಿರಿ ಆಯಿತು. ಬಹಳಷ್ಟು ಪ್ಲಾಸ್ಟಿಕ್ ಹೂವು. ನಿಜವಾದ ಹೂವು ಬೇಕು ಅಂತ ಕೇಳಿ, ದರ ಮೊದಲೇ ಮಾತಾಡಿ. ಓಣಿಯ ಒಳಗೆ ಹೋದಷ್ಟೂ ಗದ್ದಲ ಕಮ್ಮಿ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಮ್ಮದೇ ತಲೆಯಲ್ಲಿ ಹೂ ಮುಡಿದುಕೊಂಡು ಮೀನು ಕೊಯ್ಯುತ್ತಿದ್ದರು, ಯಾರ ಕ್ಯಾಮೆರಾಗೂ ಅಲ್ಲ. ಅಕ್ಕನಿಗೂ ಅವರೇ ಮುಡಿಸಿದರು. ಮೊಗ್ಗು ಪೋಣಿಸುವ ಕೈ ವೇಗ ನೋಡಿ ಅಕ್ಕ "ಮಲ್ಲಿಗೆ ಕಟ್ಟಲಿಕ್ಕೆ ಶಂಕರಪುರಕ್ಕೆ ಕಳಿಸಬೇಕು ಇವರನ್ನು" ಅಂದಳು.

ಹಳೇ ಮನೆಗಳ ಗೋಡೆಗೆ ಅಂಗೈ ದೊಡ್ಡ ಸಿಂಪಿ ಚಿಪ್ಪುಗಳನ್ನು ಮೆತ್ತಿದ್ದಾರೆ. ಸ್ಥಳೀಯ ಸಿಂಪಿ ಇಷ್ಟು ದೊಡ್ಡದಿಲ್ಲ. ದೂರದ ದೇಶಕ್ಕೆ ಸರಕು ಇಳಿಸಿ ಖಾಲಿ ಬರುವ ಹಡಗುಗಳು ಭಾರಕ್ಕೆಂದು ತುಂಬಿಕೊಂಡು ಬಂದ ಚಿಪ್ಪುಗಳು ಇವು ಅಂತ ಊರವರ ಮಾತು.

ಮಧ್ಯಾಹ್ನ ಟ್ಯಾಕ್ಸಿ ಮಾಡಿಕೊಂಡು ಜಿನ್‌ಜಿಯಾಂಗ್ ಕಡೆ ಹೊರಟೆವು. ದಾರಿಯಲ್ಲಿ ಚಿದಿಯಾನ್ ಅನ್ನುವ ಹಳ್ಳಿ. ಅಲ್ಲಿನ ಪುಟ್ಟ ಗುಡಿಯಲ್ಲಿ ಊರವರು ಬೌದ್ಧರ ಕರುಣೆಯ ದೇವಿ ಗ್ವಾನ್‌ಯಿನ್ ಅಂತ ಪೂಜಿಸುವ ಕಲ್ಲಿನ ಮೂರ್ತಿಗೆ ನಾಲ್ಕು ಕೈ. ಹಿಂದೂ ಶಿಲ್ಪ ಅಂತ ಕಣ್ಣಿಗೆ ಹೊಡೆಯುತ್ತದೆ. ಚಾಲಕನಿಗೂ ಈ ಗುಡಿ ಗೊತ್ತಿರಲಿಲ್ಲ, ಮೂರು ಸಲ ದಾರಿ ಕೇಳಿ, ಒಂದು ಗೋಡೌನಿನ ಅಂಗಳದಲ್ಲಿ ಗಾಡಿ ತಿರುಗಿಸಿ, ಕೊನೆಗೆ ಒಬ್ಬ ಅಜ್ಜ ಸ್ಕೂಟರಿನಲ್ಲಿ ಮುಂದೆ ಹೋಗಿ ತೋರಿಸಿದರು. ಅಕ್ಕ ಮುಡಿದಿದ್ದ ದಂಡೆಯಿಂದ ಒಂದು ಸುತ್ತು ಬಿಚ್ಚಿ ಅಲ್ಲಿ ಇಟ್ಟಳು. ಅಜ್ಜ ಮೂರು ಊದುಬತ್ತಿ ಹಚ್ಚಿ ನಮ್ಮ ಕೈಗೆ ಕೊಟ್ಟರು. ಯಾವ ದೇವಿ ಅನ್ನುವ ಪ್ರಶ್ನೆಯನ್ನು ಇಬ್ಬರೂ ಎತ್ತಲಿಲ್ಲ.

ಕೊನೆಗೆ ತ್ಸಾವ್‌ಆನ್. ಗುಡ್ಡದ ಬುಡದಲ್ಲಿ ಬಂಡೆಗೆ ಆತುಕೊಂಡ ಚಿಕ್ಕ ಕಲ್ಲಿನ ಕಟ್ಟಡ. ಒಳಗೆ ಬಂಡೆಯಲ್ಲೇ ಕೆತ್ತಿದ ಮೂರ್ತಿ, 1339ರದ್ದು. ನೋಡಿದರೆ ಬುದ್ಧ. ಆದರೆ ಗುಂಗುರು ಕೂದಲಿಲ್ಲ, ಉದ್ದ ಜಡೆ ಹೆಗಲ ಮೇಲೆ ಇಳಿದಿದೆ, ಗಡ್ಡ ಇದೆ, ಬೆನ್ನ ಹಿಂದೆ ಬೆಳಕಿನ ಅಲೆಗಳು. ಇದು ಮಾನಿ. ಮೂರನೇ ಶತಮಾನದಲ್ಲಿ ಇರಾನಿನ ಕಡೆ ಹುಟ್ಟಿದ ಮಾನಿ ಧರ್ಮದ ಗುರು. ಒಂದು ಕಾಲಕ್ಕೆ ರೋಮಿನಿಂದ ಚೀನಾದವರೆಗೆ ಇದ್ದ ಆ ಧರ್ಮ ಎಲ್ಲ ಕಡೆ ಅಳಿಯಿತು. ಇಲ್ಲಿ ಮಾತ್ರ ಮಾನಿ "ಬೆಳಕಿನ ಬುದ್ಧ" ಆಗಿ ಉಳಿದುಕೊಂಡ. ಕೆತ್ತಿದವನು ಬಂಡೆಯ ಬಣ್ಣ ನೋಡಿಯೇ ಜಾಗ ಆರಿಸಿರಬೇಕು, ಮುಖ, ಕೈ, ಬಟ್ಟೆಗೆ ಬೇರೆ ಬೇರೆ ಛಾಯೆ ಬಂದಿದೆ. ಮುಂದೆ ಕಿತ್ತಳೆ ಹಣ್ಣು, ಬಿಸ್ಕೆಟ್ ಪೊಟ್ಟಣ ಇಟ್ಟಿದ್ದರು. ನಮ್ಮ ಚಾಲಕನೂ ಬಂದು ಕೈ ಮುಗಿದ. "ಪರೀಕ್ಷೆಗೆ ಒಳ್ಳೆಯದು, ನನ್ನ ಮಗಳಿಗೆ ಜೂನ್‌ನಲ್ಲಿ ಇದೆ" ಅಂದ.

ರಾತ್ರಿ ಸೂತ್ರದ ಗೊಂಬೆಯಾಟ ಇತ್ತು. ನಾನು ದಣಿದಿದ್ದೆ, ಉಪ್ಪಿನಕುದ್ರು ಗೊಂಬೆ ನೋಡಿ ಬೆಳೆದ ಅಕ್ಕ ಬಿಡಲಿಲ್ಲ. ಇಲ್ಲಿಯ ಗೊಂಬೆಗೆ ಇಪ್ಪತ್ತಕ್ಕೂ ಜಾಸ್ತಿ ದಾರ ಇರುವುದುಂಟು. ಭೂತ ಹಿಡಿಯುವ ಜೊಂಗ್ ಕುಯ್ ಕುಡಿದು ತೂರಾಡುತ್ತ, ಬಗ್ಗಿ, ಬೆರಳಲ್ಲಿ ಬಟ್ಟಲು ಹಿಡಿದು ಬಾಯಿಗೆತ್ತಿದ. ಆಟ ಮುಗಿದ ಮೇಲೆ ಅಕ್ಕ ಸೀದಾ ರಂಗದ ಪಕ್ಕಕ್ಕೆ ಹೋಗಿ ನಿಂತಳು. ಆಡಿಸುವಾತ ನಕ್ಕು ಒಂದು ಗೊಂಬೆಯ ಹಿಡಿಕೆಯನ್ನು ಅವಳ ಕೈಗೆ ಕೊಟ್ಟರು. ಎಷ್ಟು ಎಳೆದರೂ ಅದು ಒಂದು ಕಾಲನ್ನು ಮಾತ್ರ ಎತ್ತಿತು. "ನಮ್ಮದು ಇಷ್ಟು ಸೂಕ್ಷ್ಮ ಇಲ್ಲ, ಆದರೆ ಹೆಜ್ಜೆ ನಮ್ಮದೇ ಜೋರು" ಅಂತ ಅಕ್ಕನ ತೀರ್ಪು.

ಹೊರಡುವ ದಿನ

ಬೆಳಿಗ್ಗೆಯೇ ಶಿಯಾಮೆನ್ ರೈಲು. ಸ್ಟೇಷನ್ನಿನಲ್ಲಿ ಬ್ಯಾಗು ತಪಾಸಣೆಗೆ ಸಮಯ ಹಿಡಿಯುತ್ತದೆ, ಮುಕ್ಕಾಲು ಗಂಟೆ ಮುಂಚೆ ಇರಿ. ಸ್ಥಳೀಯರು ಗುರುತಿನ ಚೀಟಿ ತೋರಿಸಿ ಗೇಟು ದಾಟಿ ಹೋಗುತ್ತಿರುತ್ತಾರೆ. ಪಾಸ್‌ಪೋರ್ಟ್ ಇರುವವರು ಅಲ್ಲಿ ಪರದಾಡದೆ, ಪಕ್ಕದಲ್ಲಿ ಸಿಬ್ಬಂದಿ ಕೂತಿರುವ ಗೇಟಿಗೇ ಹೋಗಿ. ನಮ್ಮ ಬ್ಯಾಗಿನಲ್ಲಿದ್ದ ಚಹಾ ಡಬ್ಬಗಳನ್ನು ಒಂದೊಂದಾಗಿ ಎತ್ತಿ ನೋಡಿದ ಸಿಬ್ಬಂದಿ, ಒಂದನ್ನು ಮೂಸಿ, ಬೆಲೆ ಎಷ್ಟು ಕೊಟ್ಟಿರಿ ಅಂತ ಕೇಳಿದ. ಹೇಳಿದೆವು. ತಲೆ ಅಲ್ಲಾಡಿಸಿದ. ಜಾಸ್ತಿ ಕೊಟ್ಟಿದ್ದೀರಿ ಅಂತ ಅರ್ಥವಾಗಲು ಅನುವಾದಕ ಬೇಕಾಗಲಿಲ್ಲ.